ಐದು ತಿಂಗಳ ಮನೆಗಳು

ಲಕ್ಷ್ಮೇಶ್ವರ
೨ ಫೆಬ್ರುವರಿ ೨೦೨೫

ಅವ್ವಾ,

ನಾನೂ ಕೂಸೂ ಆರಾಮ ಇದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ನಿನ್ನ ಎದೆ ಹೊಡೆದುಕೊಳ್ಳಬಾರದು ಅಂತ.

ಫೋನಿರುವಾಗ ಇವಳು ಕಾಗದ ಯಾಕೆ ಬರೆಯುತ್ತಾಳೆ ಅಂದುಕೊಳ್ಳಬೇಡ. ಈ ಮನೆಯಲ್ಲಿ ಇರುವುದು ಎರಡೇ ಕೋಣೆ. ನಾನು ಫೋನಿನಲ್ಲಿ ದನಿ ತಗ್ಗಿಸಿದರೆ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದೂ ತಗ್ಗುತ್ತದೆ. ನೀನೂ "ಹೂಂ, ಹೂಂ, ಆಮ್ಯಾಲ ಮಾತಾಡ್ತೀನಿ" ಅಂತ ಇಟ್ಟುಬಿಡುತ್ತೀ, ನಿನ್ನ ಎದುರಿಗೂ ಯಾರೋ ನಿಂತಿರುವ ಹಾಗೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಮನೆ ಮಾಲಕರು ಹೆಂಚು ತೆಗೆಸಿ ತಗಡು ಹಾಕಿಸುತ್ತಿದ್ದಾರೆ, ಆ ಧೂಳಿನಲ್ಲಿ ಬಾಣಂತಿಯನ್ನು ಹೇಗೆ ಇಟ್ಟುಕೊಳ್ಳಲಿ ಅಂತ ನೀನು ಅಂದೆ. ನಾನು ನಂಬಿದೆ. ಹೆರಿಗೆಯಾದ ದಿನ ನೀನು ದವಾಖಾನೆಗೆ ಬಂದು, ಒಂದು ರಾತ್ರಿ ಇದ್ದು, ಬೆಳಗಿನ ಬಸ್ಸಿಗೆ ಬೆಟಗೇರಿಗೆ ಹೊರಟುಹೋದೆ. ಮೂರು ವಾರವಾಯಿತು. ನಾಲ್ಕು ತಗಡು ಹಾಕುವುದಕ್ಕೆ ಎಷ್ಟು ದಿನ ಬೇಕು ಅವ್ವಾ?

ಮೊನ್ನೆ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಓಣಿಯ ಹೆಂಗಸರು ಬಂದಿದ್ದರು. ಒಬ್ಬಾಕೆ ಕೇಳಿಯೇ ಬಿಟ್ಟಳು: "ಏನ್ ಹನಮವ್ವ, ಬೀಗರ ಮನಿಯಿಂದ ತೊಟ್ಟಲಾ ಬರಲಿಲ್ಲೇನು?" ಅತ್ತೆ ತಟ್ಟನೆ ಹೇಳಿದರು: "ನಮ್ಮ ಹಳೀ ತೊಟ್ಟಲಾನ ಗಟ್ಟಿ ಐತಿ. ನನ್ನ ಮಗ ಅದರಾಗ ಮಲಗಿ ಏನ್ ಸಣ್ಣಾಂವ ಆಗ್ಯಾನು?" ಎಲ್ಲರೂ ನಕ್ಕರು. ಅವರೆಲ್ಲ ಹೋದ ಮೇಲೆ ಅತ್ತೆ ನನಗೇನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಅವರಿಗೂ ಪುರಸೊತ್ತಿಲ್ಲ. ಖಾನಾವಳಿಗೆ ಜೋಳದ ರೊಟ್ಟಿ ಕೊಡುವುದು ಅವರ ದುಡಿಮೆ ಅಂತ ನಿನಗೆ ಗೊತ್ತು. ಒಂದು ಬುಟ್ಟಿ ಮುಗಿಸಿ, ಹಿಟ್ಟಿನ ಕೈ ತೊಳೆದು ಬಂದು ಕೂಸಿಗೆ ನೀರು ಎರೆಯುತ್ತಾರೆ. ಮುಂಗೈ ಬಾತುಕೊಂಡಿದೆ. ಕೂಸು ಅವರ ಕೈಯಲ್ಲಿ ಈಗ ಜಾರಿತು, ಇನ್ನು ಜಾರಿತು ಅನ್ನಿಸಿ ನಾನು ಬಚ್ಚಲ ಬಾಗಿಲಲ್ಲಿ ಉಸಿರು ಹಿಡಿದು ನಿಲ್ಲುತ್ತೇನೆ.

ಕೂಸು ಮಲಗಿದರೂ ನಾನು ಮಲಗುವುದಿಲ್ಲ. ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಬರುತ್ತಿದೆಯೇ ನೋಡುತ್ತೇನೆ. ಬೆರಳಿಗೆ ತಾಗಿದ್ದು ಅದರ ಉಸಿರೋ ಗಾಳಿಯೋ ಅಂತ ಸಂಶಯ ಬಂದು ಮತ್ತೆ ನೋಡುತ್ತೇನೆ. ನಿನ್ನ ಅಳಿಯ ಮೌನೇಶ "ಎಂ.ಎ. ಮಾಡಿದಾಕಿ ನೀ, ಹಿಂಗ್ಯಾಕ ಮಾಡ್ತಿ" ಅನ್ನುತ್ತಾರೆ. ಎಂ.ಎ.ಯಲ್ಲಿ ಇದನ್ನು ಯಾರೂ ಕಲಿಸಲಿಲ್ಲ.

ತಗಡು ಹೇಗಾದರೂ ಆಗಲಿ. ನೀನು ಇಲ್ಲಿಗೆ ಬಾ.

ನಿನ್ನ
ನೇತ್ರಾ


ಬೆಟಗೇರಿ
೧೧ ಫೆಬ್ರುವರಿ ೨೦೨೫

ಮಗಳೇ ನೇತ್ರಾ,

ನಿನ್ನ ಕಾಗದ ಕೈಗೆ ಬರಲು ಸ್ವಲ್ಪ ತಡವಾಯಿತು. ತಗಡಿನ ಕೆಲಸ ಇನ್ನೂ ಮುಗಿದಿಲ್ಲ. ನನ್ನ ಮೊಣಕಾಲೂ ಹಿಡಿದುಕೊಂಡಿವೆ, ಬಸ್ಸು ಹತ್ತುವುದು ಆಗುತ್ತಿಲ್ಲ. ಬೇಸಗೆಗೆ ನೋಡೋಣ.

ಉಸಿರು ನೋಡುವುದನ್ನು ಬಿಡು. ಕೂಸಿನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಮಗ್ಗುಲಾಗು. ಅದು ಏರಿ ಇಳಿಯುವುದು ನಿನ್ನ ಕೈಗೇ ತಿಳಿಯುತ್ತದೆ, ಕಣ್ಣು ತೆರೆಯಬೇಕಿಲ್ಲ. ತಲೆಗೆ ಬಟ್ಟೆ ಕಟ್ಟಿಕೋ. ತಣ್ಣೀರು ಮುಟ್ಟಬೇಡ.

ಹನಮವ್ವನಿಗೆ ಎದುರು ಮಾತಾಡಬೇಡ. ರೊಟ್ಟಿಯ ಕೈ ಒರಟು ಅನ್ನಿಸುತ್ತದೆ, ಆದರೆ ಕೂಸನ್ನು ಬಿಡುವ ಕೈ ಅಲ್ಲ ಅದು.

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಪರಿಚಯದವರ ಕೈಯಲ್ಲಿ ಅಂಟಿನ ಉಂಡೆ ಕಳಿಸಿದ್ದೇನೆ. ದಿನಕ್ಕೊಂದು ತಿನ್ನು.

ಹೆಚ್ಚು ಬರೆಯಲು ಹೊತ್ತಿಲ್ಲ, ನೀರು ಕಾದಿದೆ.

ಇಂತಿ ನಿನ್ನವ್ವ
ಅಮೃತವ್ವ


ಲಕ್ಷ್ಮೇಶ್ವರ
೨೬ ಫೆಬ್ರುವರಿ ೨೦೨೫

ಅವ್ವಾ,

ಉಂಡೆ ಮುಟ್ಟಿದವು. ನಿನ್ನ ಕೈಯವೇ, ಜಾಜಿಕಾಯಿ ಒಂದು ಚೂರು ಹೆಚ್ಚು.

ನಮ್ಮ ಕಾಲೇಜಿನ ಪ್ರಿಯಾಂಕಾ ಕೂಸನ್ನು ನೋಡಲು ಬಂದಿದ್ದಳು. ನಾವಿಬ್ಬರೂ ಕನ್ನಡವನ್ನೇ ಪಾಠ ಮಾಡುವವರು, ಸ್ಟಾಫ್ ರೂಮಿನಲ್ಲಿ ಎದುರುಬದುರು ಕುರ್ಚಿ. ಅವಳದು ಕಾಯಂ ಹುದ್ದೆ, ನನ್ನದು ತಾಸಿಗಿಷ್ಟು ಅನ್ನುವ ಕೆಲಸ. ಕಳೆದ ವರ್ಷ ಅವಳು ಹೆರಿಗೆಗೆಂದು ಗದಗಿನ ತವರಿಗೆ ಹೋಗಿ, ಆರು ತಿಂಗಳು ಪಗಾರದ ರಜೆ ಮುಗಿಸಿ ಬಂದಳು. ನನ್ನ ಹೆಸರನ್ನು ವೇಳಾಪಟ್ಟಿಯಿಂದ ತೆಗೆದಿದ್ದಾರೆ. "ಜೂನ್‌ನಾಗ ಬರ್ರಿ, ನೋಡೂಣು" ಅಂದಿದ್ದಾರೆ.

ನನ್ನ ಮುಖ ನೋಡಿ ಅವಳು ಗಾಬರಿಯಾದಳು.

"ಏನ ನೇತ್ರಾ, ಹಿಂಗ್ಯಾಕ ಆಗೀಯ? ನಮ್ಮ ಕೂಸಿಗೆ ಎರದ ಆಯಿನ್ನ ಕರಸ್ರಿ. ಬೆಟಗೇರಿಯಾಕಿ. ಅಕಿ ಕೈಯಾಗ ಕೂಸು ಕೊಟ್ರ ಆತು, ನೀ ಹೊಚಗೊಂಡು ಮಲಗು. ತಡಿ, ತೋರಸ್ತೀನಿ."

ಫೋನು ತೆಗೆದು ವಿಡಿಯೊ ಹಚ್ಚಿದಳು. ಅವರ ಮನೆಯ ಬಚ್ಚಲು. ಮಣೆಯ ಮೇಲೆ ಕುಳಿತ ಹೆಂಗಸು, ಚಾಚಿದ ಎರಡು ಕಾಲು, ಆ ಕಾಲುಗಳ ಮೇಲೆ ಬೋರಲು ಮಲಗಿ ನೀರು ಹಾಕಿಸಿಕೊಳ್ಳುತ್ತಿರುವ ಅವಳ ಕೂಸು. ಕೂಸಿಗೆಂದು ತೆಗೆದದ್ದಾದ್ದರಿಂದ ಹೆಂಗಸಿನ ಮುಖ ಅದರಲ್ಲಿರಲಿಲ್ಲ. ಸೀರೆ ಮೊಣಕಾಲಿನವರೆಗೆ ಸರಿದಿತ್ತು. ಬಲಪಾದದ ಮೇಲೆಲ್ಲ ಬಿಳಿಚಿದ ಚರ್ಮ.

ಹರ್ತಿಯ ಅಂಗನವಾಡಿಯಲ್ಲಿ ಕುದಿಯುವ ಉಪ್ಪಿಟ್ಟಿನ ಬೋಗುಣಿ ಮಗುಚಿ ಬಿದ್ದು ಸುಟ್ಟ ಪಾದ ಅದು. ನಾನಾಗ ಮೂರನೆಯ ಇಯತ್ತೆ. ಅದಕ್ಕೆ ದಿನವೂ ಕೊಬ್ಬರಿ ಎಣ್ಣೆ ಹಚ್ಚಿದವಳು ನಾನು.

"ಆಯಿ ಹೆಸರೇನು?" ಅಂತ ಕೇಳಿದೆ.

"ಹೆಸರು ಗೊತ್ತಿಲ್ಲ ನೋಡು. ಎಲ್ಲಾರೂ ಆಯಿ ಅಂತನ ಅಂತಿದ್ವಿ."

ಅಕಿ ನಮ್ಮವ್ವ ಅನ್ನಲು ಬಾಯಿ ತೆರೆದೆ. "ಚಹಾ ಕುಡೀತಿಯೇನು" ಅಂತ ಬಂತು.

ಅವ್ವಾ, ನೀನು ದುಡಿಯುವುದಕ್ಕೆ ನನಗೆ ನಾಚಿಕೆಯಿಲ್ಲ. ಅಪ್ಪ ತೀರಿಕೊಂಡ ಮೇಲೆ ನೀನು "ಹೆಂಗೋ ನಡದೈತಿ" ಅನ್ನುತ್ತಿದ್ದೆ, ಹೇಗೆ ಅಂತ ನಾನು ಕೇಳಲಿಲ್ಲ. ಆದರೆ ಊರವರ ಕೂಸುಗಳಿಗೆ ನಿನ್ನ ಕಾಲು ಸಿಕ್ಕಿವೆ. ನನ್ನ ಕೂಸಿಗೆ ಯಾಕಿಲ್ಲ? ಮೊಣಕಾಲು ಹಿಡಿದವರು ಮಣೆಯ ಮೇಲೆ ಹಾಗೆ ಕೂಡುತ್ತಾರೆಯೇ? ಈಗ ಯಾರ ಮನೆಯಲ್ಲಿ ನೀರು ಕಾಯಿಸುತ್ತಿದ್ದೀ?

ನೇತ್ರಾ


ಲಕ್ಷ್ಮೇಶ್ವರ
೧೫ ಮಾರ್ಚ್ ೨೦೨೫

ಅವ್ವಾ,

ನಿನ್ನಿಂದ ಉತ್ತರವಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ "ಕೂಸು ಹೆಂಗೈತಿ" ಅಂತ ಕೇಳಿ ಇಟ್ಟುಬಿಡುತ್ತೀ.

ನಿನ್ನೆ ಮೌನೇಶ ಅಂಗಡಿಗೆ ಗೊಬ್ಬರದ ಚೀಲ ತರಲು ಗದಗಿಗೆ ಹೋದವರು, ಅಲ್ಲಿಂದ ಬೆಟಗೇರಿಗೂ ಹೋಗಿದ್ದರು. ನಿನ್ನ ಕೋಣೆಯಲ್ಲಿ ಬೇರೆಯವರ ಸಂಸಾರ. ಮಾಲಕಿ ಹೇಳಿದರಂತೆ, "ಅಮೃತವ್ವ ದಸರಾಕ್ಕ ಖಾಲಿ ಮಾಡ್ಯಾಳಲ್ಲರಿ. ಕಾಗದ ಬಂದ್ರ ಇಟ್ಟಿರತೀನಿ, ಒಯ್ಯತಾಳ." ಮೇಲೆ ಹಳೆಯ ಹೆಂಚೇ ಇದೆಯಂತೆ. ಯಾರೂ ತಗಡು ಹಾಕಿಸಿಲ್ಲವಂತೆ.

ಅವರು ಮನೆಗೆ ಬಂದು ಇದನ್ನೆಲ್ಲ ನನಗೆ ಹೇಳಿದ್ದು ಅತ್ತೆಯ ಎದುರಿಗೇ. ನಾನು ಅವರ ಮುಖ ನೋಡಲಾರದೆ ಕೂಸಿಗೆ ಹಾಲು ಕುಡಿಸುವವಳಂತೆ ಗೋಡೆಯ ಕಡೆ ತಿರುಗಿದೆ. ಕೂಸು ಮಲಗಿತ್ತು.

ಈ ಕಾಗದವನ್ನೂ ಅದೇ ವಿಳಾಸಕ್ಕೆ ಹಾಕುತ್ತಿದ್ದೇನೆ. ಎಲ್ಲಿದ್ದೀ ಅಂತ ಬರೆ. ಬೇರೆ ಏನೂ ಬೇಡ.

ನೇತ್ರಾ


ಗದಗ
೨೨ ಮಾರ್ಚ್ ೨೦೨೫

ಮಗಳೇ,

ನಿನ್ನ ಎರಡೂ ಕಾಗದಗಳನ್ನು ಒಟ್ಟಿಗೇ ಓದಿದೆ.

ನಾನು ಜೈಬುನ್ನೀಸಾ ಟೀಚರ ಮನೆಯಲ್ಲಿದ್ದೇನೆ. ಅವರ ಮಗಳು ಮುನ್ನಿಗೆ ಹೆರಿಗೆಯಾಗಿದೆ, ಗಂಡು. ಕೂಸಿಗೆ ಐದು ತಿಂಗಳಾಗುವತನಕ, ಅಂದರೆ ಏಪ್ರಿಲ್ ನಡುವಿನತನಕ, ಇಲ್ಲೇ ಊಟ, ಇಲ್ಲೇ ನಿದ್ದೆ. ಬಾಣಂತಿಯ ಕೋಣೆಯಲ್ಲಿ ನನಗೂ ಒಂದು ಮಂಚ ಹಾಕಿದ್ದಾರೆ.

ಟೀಚರು ನಿನಗೆ ನೆನಪಿರಬೇಕು, ನಿನಗೆ ಕಾಗುಣಿತ ಕಲಿಸಿದವರು. ನಾವಿಬ್ಬರೂ ಹರ್ತಿಗೆ ಬಂದದ್ದು ಒಂದೇ ವರ್ಷ. ಅವರು ಶಾಲೆಗೆ, ನಾನು ಅದೇ ಕಂಪೌಂಡಿನ ಅಂಗನವಾಡಿಗೆ. ನಾನು ಚಡ್ಡಿ ಹಾಕುವುದು, ಕೈ ತೊಳೆಯುವುದು, ಸಾಲಾಗಿ ಕೂಡುವುದು ಕಲಿಸಿ ಕಳಿಸಿದ ಮಕ್ಕಳಿಗೆ ಅವರು ಅಕ್ಷರ ಕಲಿಸುತ್ತಿದ್ದರು. ಒಂದೇ ಗಂಟೆಗೆ ಇಬ್ಬರೂ ಬಾಗಿಲು ತೆರೆಯುತ್ತಿದ್ದೆವು. ಬಿಟ್ಟ ಮೇಲೆ ಒಂದೇ ಬಸ್ಸಿಗೆ ನಿಲ್ಲುತ್ತಿದ್ದೆವು. ಅವರು ಮೆಟ್ರಿಕ್ ಆದ ಮೇಲೆ ಎರಡು ವರ್ಷ ಹೆಚ್ಚು ಓದಿದ್ದರು. ನನಗೆ ಆ ಎರಡು ವರ್ಷದಲ್ಲಿ ಲಗ್ನವಾಗಿತ್ತು. ಅಷ್ಟೇ ಫರಕು. ಕೆಲಸ ಮಾಡುವಾಗ ಅದು ದೊಡ್ಡದು ಅಂತ ನನಗೆಂದೂ ಅನ್ನಿಸಲಿಲ್ಲ. ಅವರ ಪಗಾರ ಹೆಚ್ಚು ಅಂತ ಗೊತ್ತಿತ್ತು. ಅವರ ಡಬ್ಬಿಯ ಬದನೆಕಾಯಿ ಪಲ್ಯ ನನ್ನದಕ್ಕಿಂತ ರುಚಿ ಅಂತಲೂ ಗೊತ್ತಿತ್ತು. ಎರಡೂ ಒಂದೇ ತೂಕದ ಮಾತಾಗಿದ್ದವು.

ಕೆಲಸದಿಂದ ಬಿಟ್ಟದ್ದೂ ಒಂದೇ ಬೇಸಗೆಯಲ್ಲಿ. ಊರವರು ಒಂದೇ ಚಪ್ಪರದಲ್ಲಿ ಇಬ್ಬರಿಗೂ ಶಾಲು ಹೊದಿಸಿದರು. ಮಾರನೆಯ ದಿನ ಅವರನ್ನು ಪಿಂಚಣಿಯ ಕಾಗದಕ್ಕೆ ಸಹಿ ಹಾಕಲು ಕರೆದರು. ನನ್ನನ್ನು ತಕ್ಕಡಿ, ಡಬ್ಬಿ, ಬೀಗದ ಕೈ ಒಪ್ಪಿಸಿ ಹೋಗಲು ಕರೆದರು. ನನಗೆ ಬಂದ ಇಡಿಗಂಟು ಕಿಡ್ನಿ ಹೋದ ನಿಮ್ಮಪ್ಪನ ರಕ್ತ ಶುದ್ಧಿ ಮಾಡಿಸುವುದರಲ್ಲೇ ಹೋಯಿತು. ಅವರೂ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಜೀವಮಾನ ಪುಸ್ತಕ ಹೊಲಿದವರು. ಕೈ ನಿಂತ ದಿನ ಕೂಲಿಯೂ ನಿಂತಿತು. ಇದು ನಿನಗೆ ಗೊತ್ತಿರುವುದೇ.

ಮೊದಮೊದಲು ಬೆಳಿಗ್ಗೆ ಹೋಗಿ ಕೂಸು ಎರೆದು ಬರುತ್ತಿದ್ದೆ. ನಿನ್ನ ಪ್ರಿಯಾಂಕಾಳ ಮನೆಗೂ ಹಾಗೇ ಹೋದದ್ದು. ಆಮೇಲೆ ಬಾಡಿಗೆ ಏರಿಸಿದರು. ಬಾಡಿಗೆ ಕೊಟ್ಟರೆ ಉಣ್ಣಲು ಉಳಿಯದು, ಉಂಡರೆ ಬಾಡಿಗೆಗೆ ಉಳಿಯದು. ಬಾಣಂತಿಯ ಮನೆಯಲ್ಲೇ ಇದ್ದರೆ ಎರಡೂ ಚಿಂತೆಯಿಲ್ಲ. ಒಂದು ಮನೆ ಮುಗಿಯುವ ಹೊತ್ತಿಗೆ ಇನ್ನೊಂದು ಮನೆಯವರು ಹೇಳಿ ಕಳಿಸುತ್ತಾರೆ. ನಡುವೆ ಏಳೆಂಟು ದಿನ ಖಾಲಿ ಬಿದ್ದರೆ ಹಳೆಯ ಮಾಲಕಿಯ ಪಡಸಾಲೆಯಲ್ಲಿ ಮಲಗುತ್ತೇನೆ.

ನಿನ್ನ ಹೆರಿಗೆಯತನಕ ಕೋಣೆ ಇಟ್ಟುಕೊಳ್ಳಬೇಕೆಂದು ಬಹಳ ತಿಣುಕಿದೆ. ಆಗಲಿಲ್ಲ. ತವರುಮನೆಯೇ ಇಲ್ಲ ಅಂತ ಬಸುರಿ ಮಗಳಿಗೆ ಹೇಳುವುದಕ್ಕಿಂತ ತಗಡು ಹಾಕಿಸುತ್ತಿದ್ದಾರೆ ಅನ್ನುವುದು ಸಲೀಸಾಗಿ ಬಾಯಿಗೆ ಬಂತು.

ಟೀಚರ ಬಗ್ಗೆ ತಪ್ಪು ತಿಳಿಯಬೇಡ. ಈಗ ರಮ್ಜಾನಿನ ಉಪವಾಸ ನಡೆದಿದೆ. ಸಂಜೆ ಉಪವಾಸ ಬಿಡುವಾಗ ನನ್ನ ಕೈಗೂ ಖರ್ಜೂರ ಕೊಟ್ಟೇ ತಾವು ಬಾಯಿಗಿಡುತ್ತಾರೆ. ಮೊನ್ನೆ ಅಂದರು:

"ಅಮೃತಾ, ಮುನ್ನಿ ಹೋದ ಮ್ಯಾಲ ನೀ ಇಲ್ಲೇ ಇದ್ದಬಿಡ. ಮ್ಯಾಲಿನ ಕ್ವಾಣಿ ಖಾಲಿನ ಐತಿ."

"ಏನಂತ ಇರಲಿ ಟೀಚರ?"

"ಏನಂತ ಅಂದ್ರ? ಗೆಳತಿ ಅಂತ."

"ಗೆಳತಿ ಎಷ್ಟ ದಿನಾ ಇರತಾಳರಿ?" ಅಂದೆ. ಇಷ್ಟು ವರ್ಷದ ಗೆಳೆತನದಲ್ಲಿ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ.

ತಿಂಗಳ ಕೊನೆಗೆ ಅವರ ಫೋನಿಗೆ ಪಿಂಚಣಿ ಜಮಾ ಆದ ಸುದ್ದಿ ಬರುತ್ತದೆ. ಟಿಂಗ್ ಅನ್ನುತ್ತದೆ. ಅವರು ಅದನ್ನು ತೆರೆದು ನೋಡುವುದೂ ಇಲ್ಲ ನೇತ್ರಾ. ಸೊಪ್ಪು ಸೋಸುತ್ತಿದ್ದರೆ ಸೋಸುತ್ತಲೇ ಇರುತ್ತಾರೆ. ಅವರ ಮನೆ, ಮೇಲಿನ ಕೋಣೆ, ಯಾವುದನ್ನು ನೋಡಿದರೂ ನನಗೆ ಏನೂ ಆಗುವುದಿಲ್ಲ. ಆ ಸದ್ದು ಬಂದಾಗ ಮಾತ್ರ ಕೂಸನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ.

ನಿನ್ನ ಕೂಸಿಗೆ ನನ್ನ ಕಾಲು ಯಾಕಿಲ್ಲ ಅಂತ ಕೇಳಿದೆ. ಮುನ್ನಿಯ ಕೂಸಿಗೆ ಎರೆಯುವಾಗ ದಿನವೂ ಅದೇ ಮಾತು ನನ್ನ ಮನಸ್ಸಿನಲ್ಲೂ ಬರುತ್ತದೆ. ಆದರೆ ಒಪ್ಪಿಕೊಂಡ ಮನೆಯನ್ನು ನಡುವೆ ಬಿಟ್ಟರೆ ಮುಂದೆ ಯಾರೂ ಕರೆಯುವುದಿಲ್ಲ.

ಇಂತಿ
ನಿನ್ನವ್ವ


ಲಕ್ಷ್ಮೇಶ್ವರ
೨ ಏಪ್ರಿಲ್ ೨೦೨೫

ಅವ್ವಾ,

ಮುನ್ನಿಯ ಮನೆಯ ಕೆಲಸ ಈ ತಿಂಗಳ ನಡುವಿಗೆ ಮುಗಿಯುತ್ತದಲ್ಲ. ಮುಂದಿನ ಮನೆ ಒಪ್ಪಿಕೊಳ್ಳಬೇಡ. ಇಲ್ಲಿಗೆ ಬಾ.

ನಿನ್ನ ಕಾಗದವನ್ನು ನಾನು ಮೌನೇಶರಿಗೆ ಓದಿ ಹೇಳಿದೆ. ಅಡುಗೆಮನೆಯ ಸದ್ದು ನಿಂತಿತ್ತು, ಆದ್ದರಿಂದ ಅತ್ತೆಗೂ ಓದಿ ಹೇಳಿದಂತೆಯೇ ಆಯಿತು. ಸ್ವಲ್ಪ ಹೊತ್ತಿಗೆ ಕೈಗೆ ಹಿಟ್ಟು ಹತ್ತಿದ್ದಂತೆಯೇ ಬಂದು ಹೊಸ್ತಿಲ ಮೇಲೆ ಕುಳಿತರು.

"ನೋಡವಾ, ನಾ ಸಿದಾ ಹೇಳ್ತೀನಿ, ಮನಸಿಗೆ ಹಚಗೋಬ್ಯಾಡ. ನಿಮ್ಮವ್ವ ಬೀಗತಿ ಆಗಿ ಬಂದ್ರ ಎಂಟ ದಿನ. ನಾನೂ ಕಡಬು ಹೋಳಿಗಿ ಮಾಡಿ ಹಾಕ್ತೀನಿ. ಒಂಬತ್ತನೇ ದಿನ ಅಕಿಗೂ ಕುಂತ ಉಣ್ಣಾಕ ಆಗಂಗಿಲ್ಲ, ನನಗೂ ನೀಡಾಕ ಆಗಂಗಿಲ್ಲ. ಓಣಿಯಾಗಿನ ಮಂದಿ ಸುಮ್ನ ಇರಂಗಿಲ್ಲ. ಕೆಲಸಕ್ಕಂತ ಬಂದ್ರ ಕೂಸಿಗೆ ಐದಾರ ತಿಂಗಳಾಗೂತನಾ ಇರಬಹುದು."

"ನಮ್ಮವ್ವಗ ಪಗಾರ ಕೊಡಬೇಕೇನ್ರಿ ಅತ್ತಿ?" ಅಂದೆ. ನನ್ನ ದನಿ ಏರಿತ್ತು.

"ಮತ್ತ? ಅಕಿ ಬ್ಯಾರೆ ಮನಿ ಬಿಟ್ಟ ಬರಬೇಕು. ಪುಕ್ಕಟೆ ಬಾ ಅನ್ನಾಕ ನಮಗ ಬಾಯಿ ಹೆಂಗ ಬರ್ತೈತಿ? ನಾ ಕೂಸಿನ ಸಲುವಾಗಿ ದಿನಾ ಎರಡ ಬುಟ್ಟಿ ರೊಟ್ಟಿ ಕಮ್ಮಿ ಮಾಡಾಕತ್ತೀನಿ. ಅದನ್ನ ನಾ ಮಾಡಿದ್ರ ಅಕಿ ಪಗಾರ ಹೊಂಡತೈತಿ. ನನಗೂ ಅರವತ್ತ ದಾಟ್ಯಾವು. ಖಾನಾವಳಿಯಾವ ಒಮ್ಮೆ ಬ್ಯಾರೆಯಾರ ಕಡೆ ಹೋದ್ರ ತಿರುಗಿ ಬರಂಗಿಲ್ಲ."

ಎರಡು ದಿನ ಅವರೊಡನೆ ಮಾತಾಡಲಿಲ್ಲ. ಎಲ್ಲಿ ತಪ್ಪಿದೆ ಅಂತ ಹುಡುಕಿದೆ. ನನಗೆ ಸಿಗಲಿಲ್ಲ. ಅವರು ಹೇಳಿದ್ದರಲ್ಲಿ ಮೋಸವೂ ಇಲ್ಲ, ಕುಹಕವೂ ಇಲ್ಲ. ಇದ್ದಿದ್ದರೆ ನಾನು ಅತ್ತು ರಂಪ ಮಾಡಿ ನಿನ್ನನ್ನು ಹಾಗೇ ಕರೆಸಿಕೊಳ್ಳಬಹುದಿತ್ತು.

ಆದ್ದರಿಂದ ಕೇಳುತ್ತಿದ್ದೇನೆ. ಹೇಗೆ ಬರೆಯಬೇಕೋ ತಿಳಿಯದೆ ಮೂರು ಹಾಳೆ ಹರಿದೆ. ನೀನು ಬೇರೆಯವರಿಗೆ ಏನು ಹೇಳುತ್ತೀಯೋ ಅದನ್ನೇ ನಮಗೂ ಹೇಳು. ಬಾ.

ನಿನ್ನ
ನೇತ್ರಾ


ಗದಗ
೬ ಏಪ್ರಿಲ್ ೨೦೨೫

ಮಗಳೇ,

ಬರುತ್ತೇನೆ.

ಹನಮವ್ವ ಹೇಳಿದ್ದು ಸರಿಯಾಗಿದೆ, ಆಕೆಯ ಮೇಲೆ ಸಿಟ್ಟು ಮಾಡಬೇಡ. ಆಕೆ ಕೇಳದಿದ್ದರೆ ನಾನು ಎಂಟು ದಿನಕ್ಕೂ ಬರುತ್ತಿರಲಿಲ್ಲ.

ನನ್ನವೂ ಎರಡು ಮಾತಿವೆ. ಓಣಿಯವರ ಮುಂದೆ ನನ್ನನ್ನು ಅವ್ವ ಅನ್ನಬೇಡ. ನಿಮ್ಮ ಲಗ್ನ ಗದಗಿನಲ್ಲಾಯಿತು, ನಿಮ್ಮ ಓಣಿಯವರು ನನ್ನನ್ನು ಸರಿಯಾಗಿ ನೋಡಿದವರಲ್ಲ. ನೇತ್ರಾಳ ತಾಯಿ ಪಗಾರಕ್ಕೆ ಬಂದಿದ್ದಾಳೆ ಅಂತ ಅವರು ಆಡಿಕೊಂಡರೆ ಅದು ನಾನು ಹೋದ ಮೇಲೂ ನಿನ್ನ ಬೆನ್ನಿಗೆ ಇರುತ್ತದೆ.

ಇನ್ನೊಂದು, ಕಾಲೇಜು ಸುರುವಾದ ದಿನ ನೀನು ಹೋಗಿ ನಿಲ್ಲಬೇಕು. ಎಷ್ಟು ತಾಸು ಕೊಡುತ್ತಾರೋ ಅಷ್ಟು ತಗೋ. ಕಾಯಂ ಕೆಲಸಕ್ಕೆ ಎಲ್ಲಿ ಅರ್ಜಿ ಕರೆದರೂ ಹಾಕು. ಕೂಸು ಸಣ್ಣದು, ಮುಂದಿನ ವರ್ಷ ನೋಡೋಣ ಅನ್ನಬೇಡ. ನಾನು ಪ್ರಮೋಷನ್ ಪರೀಕ್ಷೆಗೆ ಹಾಗೇ ಅಂದೆ, ನೀನು ಹುಟ್ಟಿದ ವರ್ಷ. ಸೂಪರ್‌ವೈಸರ್ ಆಗಿದ್ದರೆ ನನಗೂ ಟಿಂಗ್ ಅನ್ನುತ್ತಿತ್ತು. ಇದನ್ನು ನಿನ್ನ ಮನಸ್ಸು ನೋಯಿಸಲು ಬರೆಯುತ್ತಿಲ್ಲ. ನೀನು ಮತ್ತೆ ಹಾಗೆ ಮಾಡಬಾರದು ಅಂತ ಬರೆಯುತ್ತಿದ್ದೇನೆ.

ಮುನ್ನಿಯ ಕೂಸಿನ ಐದು ತಿಂಗಳು ಮುಗಿದ ಮರುದಿನ ಹೊರಡುತ್ತೇನೆ. ಮೌನೇಶರು ಸ್ಟ್ಯಾಂಡಿಗೆ ಬರುವುದು ಬೇಡ. ಕೆಲಸದವರನ್ನು ಯಾರೂ ಕರೆಯಲು ಬರುವುದಿಲ್ಲ.

ಅವ್ವ


ಲಕ್ಷ್ಮೇಶ್ವರ
೬ ಜುಲೈ ೨೦೨೫

ಅವ್ವಾ,

ನೀನು ಹೋಗಿ ವಾರವಾಯಿತು. ಅಲ್ಲಿ ಮುಂಡರಗಿಯ ಹೊಸ ಬಾಣಂತಿ ಮನೆಯಲ್ಲಿ ನಿನಗೆ ಮಲಗಲು ಸರಿಯಾದ ಜಾಗ ಇದೆಯೇ?

ಇಲ್ಲಿದ್ದ ಎರಡೂವರೆ ತಿಂಗಳು ನಿನ್ನೊಡನೆ ಮಾತಾಡಲು ಎಷ್ಟೋ ಇಟ್ಟುಕೊಂಡಿದ್ದೆ. ನೀನು ಬಂದ ದಿನವೇ ಕೂಸನ್ನು ನಿನ್ನ ಮಗ್ಗುಲಿಗೆ ಎಳೆದುಕೊಂಡೆ, ನಾನು ಮಲಗಿದವಳು ಹೊತ್ತೇರಿದ ಮೇಲೆ ಎದ್ದೆ. ಆಮೇಲೆ ದಿನವೂ ಅದೇ. ಕಲ್ಲಿನಂತೆ ಮಲಗಿದೆ ಅವ್ವಾ. ಜೂನಿನಲ್ಲಿ ನೀನೇ ನನ್ನನ್ನು ಕಾಲೇಜಿಗೆ ನೂಕಿದೆ. ಸಂಜೆ ಬಂದರೆ ಕೂಸು ಎಣ್ಣೆ ಹಚ್ಚಿಸಿಕೊಂಡು, ಎರೆಸಿಕೊಂಡು, ಲೋಬಾನದ ವಾಸನೆಯಲ್ಲಿ ನಗುತ್ತಿತ್ತು. ನೀನು ಅದರ ಬಟ್ಟೆ ಮಡಚುತ್ತಿದ್ದೆ. ನೀನಿದ್ದಷ್ಟು ದಿನ ನಾನು ನಿದ್ದೆ ಮಾಡಿದೆ, ಇಲ್ಲವೇ ಹೊರಗಿದ್ದೆ. ಕೇಳಬೇಕೆಂದದ್ದು ಯಾವುದನ್ನೂ ಕೇಳಲಿಲ್ಲ.

ನೀನು ಬಂದ ಮರುದಿನ ಪಕ್ಕದ ಮನೆಯಾಕೆ ಹಣಿಕಿ ಹಾಕಿ "ಯಾರಿಕಿ?" ಅಂದಳು. ಅತ್ತೆ ಬಾಯಿ ತೆರೆಯುವ ಮೊದಲೇ ನೀನು "ಕೂಸು ಎರಿಯಾಕ ಬಂದೀನ್ರಿ" ಅಂದೆ. ನಾನು ಬಾಗಿಲಲ್ಲೇ ಇದ್ದೆ. ಆಕೆ ಹೋದ ಮೇಲೆ ಅತ್ತೆ ನಿನಗೆ ತಾಟು ಹಾಕಿ "ಬೀಗತಿ, ಬಾಜೂಕ ಕುಂಡ್ರಿ, ಕೂಡೇ ಉಣ್ಣೂಣು" ಅಂದರು. "ಕೂಸು ಏಳತೈತಿ, ನೀವು ಉಣ್ರಿ" ಅಂತ ನೀನು ಅಂದೆ. ಹೋಗುವತನಕ ದಿನವೂ ಅದನ್ನೇ ಅಂದೆ. ಕೂಸು ಏಳುತ್ತಿರಲಿಲ್ಲ.

ಹೊರಟ ದಿನದ ಮಾತು ಬರೆಯಬೇಕು.

ಮೌನೇಶ ಪಗಾರದ ಪಾಕೀಟು ತಂದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ನನಗೆ ಕೊಟ್ಟು "ನೀನ ಕೊಡು, ನನ್ನ ಕೈಲೆ ಬ್ಯಾಡ" ಅಂದರು. ಸೀರೆಯ ಮೇಲೆ ತೆಂಗಿನಕಾಯಿ, ಅದರ ಪಕ್ಕ ಪಾಕೀಟು ಇಟ್ಟು ಕೊಟ್ಟೆ. ನೀನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ, ಎಲ್ಲ ಮನೆಗಳಲ್ಲೂ ಹಾಗೇ ಮಾಡುತ್ತಿರಬೇಕು. ಆಟೊ ಬಂತು. ನೀನು ಕೂಸಿನ ಅಂಗಾಲು ಒಮ್ಮೆ ಹಿಡಿದು ಬಿಟ್ಟೆ.

ಆಟೊ ತಿರುಗಿದ್ದೇ ನಾನು ಒಳಗೆ ಬಂದು ಹುಡುಕಲು ಸುರುಮಾಡಿದೆ. ತೊಟ್ಟಿಲ ಹಾಸಿಗೆಯ ಅಡಿ ನೋಡಿದೆ. ಕೂಸಿನ ಕುಲಾಯಿ, ಅಂಗಿಗಳ ಗಂಟು ಬಿಚ್ಚಿದೆ. ನನ್ನ ಕಾಲೇಜಿನ ಚೀಲ ಸುರುವಿದೆ. ಅಕ್ಕಿಯ ಡಬ್ಬಿಯಲ್ಲಿ ಕೈ ಹಾಕಿದೆ. ಪಾಕೀಟನ್ನು ಎಲ್ಲೋ ಇಟ್ಟಿರುತ್ತೀ ಅಂತ ನನಗೆ ಅನುಮಾನವೇ ಇರಲಿಲ್ಲ. ಮೊಮ್ಮಗನಿಗೆ ಬಿಟ್ಟು ಹೋಗಿರುತ್ತೀ, ನಾನು ಸಿಟ್ಟಿಗೆದ್ದು ಮೌನೇಶರ ಕೈಯಲ್ಲಿ ತಿರುಗಿ ಕಳಿಸುತ್ತೇನೆ, ನೀನು ಒಲ್ಲೆ ಅನ್ನುತ್ತೀ. ಏನೇನು ಬೈಯಬೇಕು ಅನ್ನುವುದನ್ನೂ ಹಿಂದಿನ ದಿನವೇ ಯೋಚಿಸಿಟ್ಟಿದ್ದೆ.

"ಏನ್ ಹುಡುಕಾಕತ್ತಿ?" ಅಂದರು ಅತ್ತೆ.

"ಏನಿಲ್ರಿ. ಕೂಸಿನ ಕಾಲಚೀಲ."

ಅವರು ಹಿಟ್ಟಿಗೆ ನೀರು ಹಾಕುತ್ತ ಹೇಳಿದರು: "ಇಟ್ಟಿರಂಗಿಲ್ಲ ಬಿಡವಾ. ಅಕಿಗೆ ಆಗಂಗಿಲ್ಲ. ಅಕಿ ಜಾಗಾದಾಗ ನಾ ಇದ್ರ ನನಗೂ ಆಗತಿರಲಿಲ್ಲ."

ಬಿಚ್ಚಿದ ಬಟ್ಟೆಗಳನ್ನು ಮತ್ತೆ ಮಡಚಿಟ್ಟೆ. ನೀನು ಹೇಗೆ ಬದುಕಿದ್ದೀ ಅಂತ ನಿನ್ನ ಕಾಗದದಲ್ಲಿ ಓದಿದ್ದೆ, ಓದಿ ಅತ್ತಿದ್ದೆ. ಆದರೆ ಗೊತ್ತಾದದ್ದು ಈಗ.

ಮತ್ತೆ ನಿದ್ದೆ ಬರುತ್ತಿಲ್ಲ. ಕೂಸಿನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಮಲಗುತ್ತೇನೆ. ಅದು ಆರಾಮ ಇದೆ. ಈಗ ನಿನ್ನದೇ ಚಿಂತೆ.

ನಿನ್ನ
ನೇತ್ರಾ


ಮುಂಡರಗಿ
೧೫ ಜುಲೈ ೨೦೨೫

ಮಗಳೇ,

ಕಾಗದ ಮುಟ್ಟಿತು. ಹನಮವ್ವ ಹೇಳಿದ್ದು ಖರೆ.

ನೀನು ಒಳಗೆ ಚಹಾ ಸೋಸುತ್ತಿದ್ದಾಗ ತೊಟ್ಟಿಲ ಹಾಸಿಗೆ ಎತ್ತಿ ನಿಂತಿದ್ದೆ. ಇಡಬೇಕು ಅಂತಲೇ ಎತ್ತಿದ್ದು. ಇಡಲಿಲ್ಲ. ಹಾಸಿಗೆ ಸರಿ ಮಾಡಿ, ಪಾಕೀಟನ್ನು ಚೀಲದ ತಳಕ್ಕೆ ಹಾಕಿಕೊಂಡೆ. ಈ ಮನೆ ನವೆಂಬರಿಗೆ ಮುಗಿಯುತ್ತದೆ, ಮುಂದಿನದು ಇನ್ನೂ ಗೊತ್ತಾಗಿಲ್ಲ. ಈಚೆಗೆ ಮಣೆಯಿಂದ ಏಳುವಾಗ ಗೋಡೆ ಹಿಡಿಯಬೇಕಾಗುತ್ತದೆ. ಈ ಮನೆಯವರು ನೋಡದಂತೆ ಹಿಡಿಯುತ್ತೇನೆ. ಮೊಣಕಾಲಿನ ಮಾತು ಆಗ ಸುಳ್ಳಾಗಿತ್ತು.

ಇಲ್ಲಿ ಜಾಗ ಚೆನ್ನಾಗಿದೆ. ಫ್ಯಾನಿದೆ. ಹೆಣ್ಣು ಕೂಸು, ಗುಣವಂತೆ. ಬಾಣಂತಿ ಸಣ್ಣ ಹುಡುಗಿ, ಅವಳ ತಾಯಿಯೂ ಇದೇ ಮನೆಯಲ್ಲಿದ್ದಾಳೆ. ಮಗಳ ತಲೆಗೆ ಬಟ್ಟೆ ಅವಳೇ ಕಟ್ಟುತ್ತಾಳೆ, ಆ ಕೆಲಸ ನನಗೆ ಬಿಡುವುದಿಲ್ಲ.

ನೀನು ಕಾಲೇಜು ತಪ್ಪಿಸಬೇಡ.

ಪಂಚಮಿ ಹತ್ತಿರ ಬಂತು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಡುತ್ತಾರೆ, ನಿನ್ನನ್ನೂ ಕೇಳುತ್ತಾರೆ. ತಾಯಿಯಾದವಳು ಬಾ ಅಂತ ಕರೆಯಬೇಕು. ಈ ಸಲ ಕರೆಯುತ್ತಿಲ್ಲ, ತಪ್ಪು ತಿಳಿಯಬೇಡ. ಎಲ್ಲಿಗೆ ಬಾ ಅನ್ನಲಿ?

ಇಂತಿ ನಿನ್ನವ್ವ
ಅಮೃತವ್ವ